ಓದುಗರು ಕೇಳಿದ್ದು: ಹೂವಿನ ಮೆರವಣಿಗೆ, ಹೂವಿನ ಪಲ್ಲಕ್ಕಿ

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಪ್ಯಾಸಡೀನಾ ಊರಿನ ಗುಲಾಬಿ ಮೆರವಣಿಗೆಯ ಚಿತ್ರಗಳು ಬಂದಿದ್ದವು. ಅವನ್ನು ನೋಡಿ ಕಾಗದ ಬರೆದವರಲ್ಲಿ ಹೆಚ್ಚಿನವರು ಹೊಸೂರು, ಬಾಗಲೂರು, ತಳಿ ಕಡೆಯವರು. ಮನೆ ಪಕ್ಕದಲ್ಲೇ ಹೂ ಬೆಳೆಯುವ ಪಾಲಿಹೌಸ್ ಇರುವವರು ಹೂವಿನ ಮಾತು ಬಂದರೆ ಸುಮ್ಮನಿರುತ್ತಾರೆಯೇ? ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಯಿಂದಲೂ ಪ್ರಶ್ನೆಗಳು ಬಂದಿವೆ. ಒಂದೇ ವಿಷಯ ಕೇಳಿದ ಕಾಗದಗಳನ್ನು ಒಟ್ಟುಗೂಡಿಸಿ ಉತ್ತರ ಕೊಟ್ಟಿದ್ದೇವೆ.

ಜನವರಿ ಒಂದನೇ ತಾರೀಕು, ಆ ಚಳಿಯಲ್ಲಿ, ಗುಲಾಬಿ ಮೆರವಣಿಗೆ ಮಾಡಬೇಕೆಂದು ಅವರಿಗೆ ಯಾಕೆ ತೋಚಿತು? (ಹೊಸೂರು)

ಚಳಿ ಇಲ್ಲವೆಂದು ತೋರಿಸುವುದಕ್ಕೇ. ಪ್ಯಾಸಡೀನಾ ಇರುವುದು ಕ್ಯಾಲಿಫೋರ್ನಿಯಾದ ದಕ್ಷಿಣದಲ್ಲಿ, ಲಾಸ್ ಏಂಜಲೀಸ್‌ನ ಮಗ್ಗುಲಲ್ಲಿ. 19ನೇ ಶತಮಾನದ ಕೊನೆಗೆ ಅಲ್ಲಿ ನೆಲೆಸಿದ್ದ ಉಳ್ಳವರಲ್ಲಿ ಬಹಳಷ್ಟು ಜನ ಪೂರ್ವ ತೀರದ ಹಿಮ ಸಾಕಾಗಿ ಬಂದವರು. ಅವರದೇ ಒಂದು ಕೂಟ, ವ್ಯಾಲಿ ಹಂಟ್ ಕ್ಲಬ್. ನ್ಯೂಯಾರ್ಕ್ ಹಿಮದಡಿ ಹೂತಿರುವಾಗ ನಮ್ಮಲ್ಲಿ ಹೂ ಅರಳುತ್ತದೆ, ಕಿತ್ತಳೆ ಹಣ್ಣಾಗುತ್ತದೆ, ಇದನ್ನು ಜಗತ್ತಿಗೆ ತಿಳಿಸಬೇಕು ಎಂದು ಅದರ ಸದಸ್ಯ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಸಲಹೆ ಕೊಟ್ಟರು. 1890ರ ಜನವರಿ 1ರಂದು ಸದಸ್ಯರು ತಮ್ಮ ಕುದುರೆಗಾಡಿಗಳಿಗೆ ತೋಟದ ಹೂವನ್ನೇ ಕಟ್ಟಿ ಊರೊಳಗೆ ಹೋದರು. ಆಮೇಲೆ ಓಟ, ಹಗ್ಗಜಗ್ಗಾಟ. ಮೊದಲ ವರ್ಷದ ಮೆರವಣಿಗೆ ಎಂದರೆ ಇಷ್ಟೇ.

ಊರಿಗೆ ಹೊರಗಿನವರನ್ನು ಕರೆಸುವ ಜಾಹೀರಾತು ಎಂದು ಇದನ್ನು ಕರೆದರೆ ತಪ್ಪಾಗದು. ಕ್ಲಬ್ಬಿನ ಕೈಮೀರಿ ಬೆಳೆದಾಗ, 1895ರಲ್ಲಿ, ನಡೆಸಲೆಂದೇ ಬೇರೆ ಸಂಘ ಹುಟ್ಟಿತು. 1902ರಲ್ಲಿ ಮೆರವಣಿಗೆಯ ಜೊತೆ ಅಮೆರಿಕನ್ ಮಾದರಿಯ ಫುಟ್‌ಬಾಲ್ ಪಂದ್ಯ ಇಟ್ಟರು. ಮಿಶಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49–0ರಿಂದ ಸೋಲಿಸಿತು. ಪಂದ್ಯ ಎಷ್ಟು ಸಪ್ಪೆಯಾಯಿತೆಂದರೆ ಫುಟ್‌ಬಾಲನ್ನೇ ಕೈಬಿಟ್ಟು, ಕೆಲವು ವರ್ಷ ಹಳೆಯ ರೋಮಿನ ಮಾದರಿಯ ರಥದ ಓಟ ನಡೆಸಿದರು. ಫುಟ್‌ಬಾಲ್ ವಾಪಸ್ಸು ಬಂದದ್ದು 1916ರಲ್ಲಿ. ಎರಡನೇ ಮಹಾಯುದ್ಧದ ದಿನಗಳಲ್ಲಿ ಮೆರವಣಿಗೆ ನಿಂತಿತ್ತು. ಕೊರೋನಾದಿಂದಾಗಿ 2021ರಲ್ಲಿ ಮತ್ತೆ ನಿಂತಿತು.

ಈಗ ಹೂವೆಲ್ಲ ಊರ ತೋಟದ್ದೇ ಅಲ್ಲ, ದಕ್ಷಿಣ ಅಮೆರಿಕದಿಂದಲೂ ವಿಮಾನದಲ್ಲಿ ಬರುತ್ತದೆ. ನಮ್ಮ ಬಿಸಿಲಿನ ಹೂವು ಎಂದು ಶುರುವಾದ ಹಬ್ಬಕ್ಕೆ ಪರದೇಶದ ಹೂವು! ನಗಬೇಕಿಲ್ಲ, ಹಬ್ಬದ ದಿನಗಳಲ್ಲಿ ನಮ್ಮ ಹಾರದ ಅಂಗಡಿಗಳೂ ಊರ ಹೂವನ್ನೇ ನೆಚ್ಚಿ ಕೂರುವುದಿಲ್ಲ.

ಜನವರಿ 1 ಭಾನುವಾರ ಬಂದರೆ ಮೆರವಣಿಗೆ ಇಲ್ಲವಂತೆ. ರಾಹುಕಾಲದ ಲೆಕ್ಕವೋ? (ಶೂಲಗಿರಿ)

ಕುದುರೆಯ ಲೆಕ್ಕ. ಭಾನುವಾರ ಚರ್ಚಿಗೆ ಬಂದವರು ಕುದುರೆಗಳನ್ನು ಹೊರಗೆ ಕಟ್ಟಿರುತ್ತಿದ್ದರು. ಮೆರವಣಿಗೆಯ ಗದ್ದಲಕ್ಕೆ ಅವು ಬೆದರಿ ಪ್ರಾರ್ಥನೆ ಕೆಡುತ್ತದೆ ಎಂದು 1893ರಲ್ಲಿ ಒಂದು ದಿನ ಮುಂದೆ ಹಾಕಿದರು. ಕಟ್ಟಿದ ಕುದುರೆ ಈಗಿಲ್ಲ, ಪದ್ಧತಿ ಇದೆ. 2023ರಲ್ಲೂ ಜನವರಿ 2ರಂದೇ ನಡೆಯಿತು. ಇನ್ನು ಹಾಗೆ ಬರುವುದು 2034ರಲ್ಲಿ.

ಗಾಡಿಯ ಒಂದಂಗುಲವೂ ಹೂವಿಲ್ಲದೆ ಇರಬಾರದು ಎಂಬ ನಿಯಮ ನಿಜವೇ? ಒಳಗೆ ಏನಿರುತ್ತದೆ? ನಾವು ಬೆಳೆಗಾರರು, ಲೆಕ್ಕ ಹಾಕಿದರೆ ಅಷ್ಟು ಹೂವಿಗೆ ಕೈ ಸುಡುತ್ತದೆ. (ಬಾಗಲೂರು)

ನಿಯಮ ನಿಜ, ಆದರೆ ಹೂವೇ ಆಗಬೇಕೆಂದಿಲ್ಲ. ಗಿಡದಿಂದ ಬಂದ ಏನಾದರೂ ಸರಿ: ಎಲೆ, ತೊಗಟೆ, ಬೀಜ, ಹೊಟ್ಟು, ಸಿಪ್ಪೆ. ಗುಟ್ಟು ಇರುವುದು ಇಲ್ಲೇ. ಕಪ್ಪಿಗೆ ಈರುಳ್ಳಿ ಬೀಜ, ಬಿಳಿಗೆ ಅಕ್ಕಿ ಅಥವಾ ಕೊಬ್ಬರಿ ತುರಿ, ಕಂದು ಬಣ್ಣಕ್ಕೆ ಕಾಫಿ ಪುಡಿ, ಮನುಷ್ಯರ ಮುಖಕ್ಕೆ ರುಬ್ಬಿದ ಅಕ್ರೋಟು ಚಿಪ್ಪು, ಗಸಗಸೆ, ಬೇಳೆ. ದೂರದಿಂದ ಬರೀ ಹೂವಾಗಿ ಕಾಣುವ ಗಾಡಿಯ ದೊಡ್ಡ ಭಾಗ ದಿನಸಿ ಅಂಗಡಿಯ ಸಾಮಾನು.

ಕೆಳಗೆ ವಾಹನದ ಚಾಸಿ. ಅದರ ಮೇಲೆ ಕಬ್ಬಿಣದ ಚೌಕಟ್ಟು, ಆಕಾರ ತರಲು ಪೆನ್ಸಿಲ್ ದಪ್ಪದ ಸರಳು ಬಗ್ಗಿಸಿ ಬೆಸುಗೆ, ಮೇಲೆ ಸೊಳ್ಳೆ ಪರದೆಯಂಥ ಲೋಹದ ಜಾಲರಿ, ಆ ಜಾಲರಿಯ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರಾವಣದ ಸಿಂಪಡಣೆ. ಹೀಗೆ ಒಂದು ಚಿಪ್ಪು ಸಿದ್ಧವಾದ ಮೇಲೆ ಎಲ್ಲಿ ಯಾವ ಬಣ್ಣದ ಹೂವು ಬರಬೇಕೋ ಅಲ್ಲಿ ಅದೇ ಬಣ್ಣ ಬಳಿಯುತ್ತಾರೆ. ಅಂಟಿಸುವ ಸ್ವಯಂಸೇವಕರು ಬಣ್ಣಕ್ಕೆ ಬಣ್ಣ ಸೇರಿಸಿದರೆ ಸಾಕು, ಹೂವು ಒಂದೆರಡು ಉದುರಿದರೂ ಬೋಳು ಕಾಣುವುದಿಲ್ಲ. ನಮ್ಮವರು ಎರವಲು ತರಬೇಕಾದ ಉಪಾಯ ಒಂದಿದ್ದರೆ ಇದು. ಚೆಂಡುಹೂವಿನ ಹಿಂದೆ ಬಿಳಿ ಥರ್ಮೋಕೋಲ್ ಬದಲು ಹಳದಿ ಬಟ್ಟೆ ಹಾಕಿ ನೋಡಿ, ಒಂದಿಷ್ಟು ಕಡಿಮೆ ಹೂವೇ ಸಾಕಾಗುತ್ತದೆ.

ಒಣ ಪದಾರ್ಥದ ಕೆಲಸ ಮೊದಲು, ವಾರಗಳ ಮುಂಚೆ. ಹಸಿ ಹೂವು ಕ್ರಿಸ್‌ಮಸ್ ಕಳೆದ ಮೇಲಿನ ಕಡೆಯ ಕೆಲವೇ ದಿನ. ಗುಲಾಬಿಯ ಒಂದೊಂದು ಕಡ್ಡಿಯೂ ರಬ್ಬರ್ ಮುಚ್ಚಳದ ಪುಟ್ಟ ನೀರಿನ ನಳಿಕೆಯಲ್ಲಿ ನಿಂತಿರುತ್ತದೆ, ನಳಿಕೆಯನ್ನು ಗಾಡಿಯ ಮೈಗೆ ಚುಚ್ಚಿರುತ್ತಾರೆ. ಚಾಲಕ ಹೊಟ್ಟೆಯೊಳಗೆ ಕೂತಿರುತ್ತಾನೆ. ಹೆಚ್ಚಿನ ಗಾಡಿಗಳಲ್ಲಿ ಅವನಿಗೆ ರಸ್ತೆ ಕಾಣುವುದೇ ಇಲ್ಲ, ಇನ್ನೊಬ್ಬ ನೋಡಿ ಹೇಳಬೇಕು. ದಾರಿ ಸುಮಾರು 9 ಕಿಲೋಮೀಟರ್, ವೇಗ ಗಂಟೆಗೆ 4 ಕಿಲೋಮೀಟರ್. ನಡುವೆ ಒಂದು ಹೆದ್ದಾರಿ ಸೇತುವೆ ಬರುತ್ತದೆ, ಎತ್ತರದ ಗಾಡಿಗಳು ಅಲ್ಲಿ ತಲೆ ಮಡಚಿ ನುಸುಳಿ ಮತ್ತೆ ಎತ್ತಿಕೊಳ್ಳಬೇಕು. ಕೆಟ್ಟು ನಿಂತರೆ ಎಳೆಯುವ ಲಾರಿ ಸಿದ್ಧವಿರುತ್ತದೆ.

ಊರ ಹಬ್ಬಕ್ಕೆ ನಮ್ಮ ಯುವಕ ಸಂಘದಿಂದ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಹೂವಿನ ಮಂಟಪ ಕಟ್ಟುತ್ತೇವೆ. ಹೋದ ಸಲ ಅಂದಾಜು ತಪ್ಪಿ ರಾತ್ರಿ ಮಾರ್ಕೆಟ್ಟಿಗೆ ಓಡಬೇಕಾಯಿತು. ಎಷ್ಟು ಹೂವು ಬೇಕು? ಯಾವಾಗ ಯಾವುದನ್ನು ಕಟ್ಟಬೇಕು? (ತಳಿ)

ಅಂದಾಜು ತಪ್ಪುವುದು ಕಿಲೋದಲ್ಲಿ ಯೋಚಿಸುವುದರಿಂದ. ಮೊದಲು ಚದರಡಿ ಅಳೆಯಿರಿ.

10 ಅಡಿ ಉದ್ದ, 6 ಅಡಿ ಅಗಲದ ಟ್ರೇಲರ್ ಎಂದಿಟ್ಟುಕೊಳ್ಳಿ. ಸುತ್ತಳತೆ 32 ಅಡಿ, ಚಕ್ರ ಮರೆಯಾಗುವಂತೆ 3 ಅಡಿ ಎತ್ತರದ ಪರದೆ. ಒಟ್ಟು 96 ಚದರಡಿ. ಚೆಂಡುಹೂವು 5 ಸೆಂಟಿಮೀಟರ್ ಅಗಲದ್ದಾದರೆ ಚದರಡಿಗೆ 36 ಹಿಡಿಯುತ್ತದೆ, ಕಿಲೋಗೆ ಸುಮಾರು 150 ಬರುತ್ತದೆ. ಒಂದೊಂದೇ ಚುಚ್ಚಿ ಕೂರಿಸಿದರೆ 23 ಕಿಲೋ ಸಾಕು. ಪೋಣಿಸಿದ ಸರ ಇಳಿಬಿಡುವುದಾದರೆ ಹೂವು ಒಂದರ ಮೇಲೊಂದು ಒತ್ತಿಕೊಂಡು ಅಡಿಗೆ ಒಂಬತ್ತು ಕೂರುತ್ತದೆ, ಚದರಡಿಗೆ 54 ಆಯಿತು, ಅಲ್ಲಿಗೆ 35 ಕಿಲೋ. ನೀವು ಓಡಿದ್ದು ಬಹುಶಃ ಈ 12 ಕಿಲೋ ವ್ಯತ್ಯಾಸಕ್ಕೆ. ಜಜ್ಜಿದ್ದು, ಕೊಳೆತದ್ದು ಸೇರಿಸಿ 40 ಕಿಲೋ ತನ್ನಿ.

ಮಂಟಪದ ನಾಲ್ಕು ಕಂಬ, 7 ಅಡಿ ಎತ್ತರ, ಗೋಣಿ ಸುತ್ತಿದ ಮೇಲೆ ಒಂದಡಿ ಸುತ್ತಳತೆ. ಸುಗಂಧರಾಜದ ಕಟ್ಟಿದ ಸರ 3 ಸೆಂಟಿಮೀಟರ್ ಅಗಲ ಬರುತ್ತದೆ, ಅಂದರೆ ಅಡಿ ಎತ್ತರಕ್ಕೆ ಹತ್ತು ಸುತ್ತು. ನಾಲ್ಕು ಕಂಬಕ್ಕೆ 280 ಅಡಿ. ಮಾರಿಗೆ ನಾಲ್ಕು ಮೊಳ, ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ 47 ಮಾರು, 50 ಹೇಳಿಬಿಡಿ. ಮೊಳ ಹಾಕುವ ಕೈ ಯಾರದೆಂದು ನೋಡಿಕೊಳ್ಳಿ, ಚಿಕ್ಕ ಕೈಯವರು ಹಾಕಿದರೆ ಐದಾರು ಮಾರು ಅಲ್ಲೇ ಹೋಯಿತು. ಮುಂದಿನ ಫಲಕ 6×2 ಅಡಿ ಗುಲಾಬಿಯದಾದರೆ, ಅರಳಿದ ಹೂವು ಚದರಡಿಗೆ 20. ನಿಮ್ಮ ಕಡೆ ಬಂಚ್ ಎಂದರೆ 20 ಕಡ್ಡಿ ತಾನೆ? ಹಾಗಾದರೆ ಚದರಡಿಗೆ ಒಂದು ಬಂಚ್, 12 ಬೇಕು, 14 ತನ್ನಿ.

ಕಟ್ಟುವ ಸರದಿ ಬಾಳಿಕೆಯ ಸರದಿ. ಸಂಜೆ ಆರಕ್ಕೆ ಹೊರಡಬೇಕಿದ್ದರೆ ಎರಡು ದಿನ ಮುಂಚೆ ಚೌಕಟ್ಟು, ಕೋಳಿ ಜಾಲರಿ, ಬಣ್ಣದ ಬಟ್ಟೆ. ಹಿಂದಿನ ದಿನ ಅಶೋಕದ ಎಲೆ, ಕ್ರೋಟನ್ನು, ಸೇವಂತಿಗೆ. ಸೇವಂತಿಗೆ ನಾಲ್ಕು ದಿನ ನಿಲ್ಲುವ ಹೂವು, ಅದಕ್ಕೆ ಹೆದರಬೇಡಿ. ಅಂದು ಬೆಳಿಗ್ಗೆ ಚೆಂಡುಹೂವು. ಗುಲಾಬಿ ಮಧ್ಯಾಹ್ನ ಎರಡರ ಮೇಲೆ. ಸುಗಂಧರಾಜ, ಕಾಕಡ, ಮಲ್ಲಿಗೆ ನಾಲ್ಕು ಗಂಟೆಗೆ, ಅದೂ ಮೊಗ್ಗಾಗಿರುವಾಗ.

ಚೆಂಡುಹೂವನ್ನು ಪ್ಲಾಸ್ಟಿಕ್ ಚೀಲದಲ್ಲೇ ರಾತ್ರಿ ಇಡುವುದು ಎಲ್ಲರೂ ಮಾಡುವ ತಪ್ಪು. ರಾಶಿ ಹಾಕಿದ ಹೂವು ಉಸಿರಾಡಿ ಒಳಗೆ ಕಾವೇರುತ್ತದೆ, ಬೆಳಿಗ್ಗೆ ಚೀಲ ಬಿಚ್ಚಿದರೆ ಹುಳಿ ವಾಸನೆ, ನಡುವಿನ ಹೂವು ಕಪ್ಪು. ತಂದ ಕೂಡಲೆ ನೆರಳಿನಲ್ಲಿ ಒದ್ದೆ ಗೋಣಿಯ ಮೇಲೆ ಒಂದು ಗೇಣು ದಪ್ಪಕ್ಕೆ ಹರಡಿ. ಮೇಲಿಂದ ನೀರು ಚಿಮುಕಿಸಬೇಡಿ. ದಳಗಳ ನಡುವೆ ನಿಂತ ನೀರೇ ಕೊಳೆಗೆ ಮೂಲ.

ಟ್ರ್ಯಾಕ್ಟರಿನ ಸೈಲೆನ್ಸರ್‌ಗೂ ಮುಂದಿನ ಫಲಕಕ್ಕೂ ಮೂರಡಿ ಬಿಡಿ, ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಗುಲಾಬಿ ಬೆಂದಿರುತ್ತದೆ. ಜನರೇಟರ್ ಹಿಂದಕ್ಕಿರಲಿ, ಹೊಗೆ ಹೊರಕ್ಕೆ ಹೋಗಲಿ. ಚಕ್ರದ ಬಳಿ ಇಳಿಬಿಟ್ಟ ಸರದ ತುದಿ ನೆಲದಿಂದ ಒಂದು ಗೇಣು ಮೇಲಿರಬೇಕು. ಒಂದು ಸರ ಆಕ್ಸೆಲಿಗೆ ಸುತ್ತಿಕೊಂಡರೆ ಪಕ್ಕದ ಹತ್ತನ್ನು ಎಳೆದುಕೊಂಡೇ ಹೋಗುತ್ತದೆ. ಕರೆಂಟಿನ ತಂತಿಯ ವಿಷಯದಲ್ಲಿ ಧೈರ್ಯ ಬೇಡ. ಮಂಟಪ ಮುಗಿದ ಮೇಲಿನ ಎತ್ತರ, ಕಳಶ ಸೇರಿಸಿ, ಅಳೆದು ದಾರಿ ಪೂರ್ತಿ ಹಗಲಲ್ಲಿ ನಡೆದು ನೋಡಿ. ಅನುಮಾನವಿದ್ದ ಕಡೆ ವಿದ್ಯುತ್ ಇಲಾಖೆಗೆ ಮೊದಲೇ ಬರೆದುಕೊಟ್ಟು ಲೈನ್ ಆಫ್ ಮಾಡಿಸಿ. ಬೊಂಬಿನಿಂದ ತಂತಿ ಎತ್ತಿ ಹಿಡಿಯುವ ಹುಡುಗನನ್ನು ಮೇಲೆ ಕೂರಿಸಬೇಡಿ. ಒದ್ದೆ ಹೂವಿನ ಸರದಲ್ಲೂ ಕರೆಂಟು ಹರಿಯುತ್ತದೆ.

ಗುಲಾಬಿ ಚೆನ್ನಾಗೇ ಇತ್ತು, ರಾತ್ರಿ ಹನ್ನೊಂದಕ್ಕೆ ಎಲ್ಲ ಒಟ್ಟಿಗೆ ಕತ್ತು ಬಗ್ಗಿಸಿದವು. ಹೂವು ಚುಚ್ಚುವ ಹಸಿರು ಸ್ಪಂಜಿನಲ್ಲೇ ಚುಚ್ಚಿದ್ದೆವು. ಕಾರ್ನೇಷನ್ನೂ ಮುದುಡಿಹೋಯಿತು. (ಡೆಂಕಣಿಕೋಟೆ)

ಎರಡಕ್ಕೂ ಕಾರಣ ಬೇರೆ ಬೇರೆ.

ಗುಲಾಬಿಯ ಕತ್ತು ಬಗ್ಗುವುದು ಕಡ್ಡಿಯೊಳಗೆ ನೀರು ಏರದಿದ್ದಾಗ. ಕೊಯ್ದ ತುದಿ ಗಾಳಿಗೆ ತೆರೆದುಕೊಂಡಿದ್ದರೆ ನಾಳದಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ. ಹಳೆ ಬಕೆಟ್ ನೀರಿನ ಲೋಳೆಯೂ ನಾಳ ಕಟ್ಟಿಸುತ್ತದೆ. ತೀರಾ ಎಳೆಯ ಮೊಗ್ಗಿನಲ್ಲಿ ಕೊಯ್ದದ್ದಾದರೆ ಕತ್ತಿಗೆ ಬಲವೇ ಬಂದಿರುವುದಿಲ್ಲ. ತುದಿಯನ್ನು ನೀರೊಳಗೇ ಇಟ್ಟು ಎರಡು ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ, ಬಂಚನ್ನು ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ, ಶುದ್ಧ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಕತ್ತಿನವರೆಗೆ ಇಳಿಸಿ ತಂಪಾದ ಕತ್ತಲೆಯಲ್ಲಿ ಎರಡು ಗಂಟೆ ಇಡಿ. ಬಗ್ಗಿದವುಗಳಲ್ಲೂ ಹಲವು ಎದ್ದು ನಿಲ್ಲುತ್ತವೆ.

ಎಲ್ಲವೂ ಒಟ್ಟಿಗೆ ಬಗ್ಗಿದವು ಎಂದಿರಿ. ಹಾಗಾದರೆ ಸ್ಪಂಜನ್ನು ಅವಸರದಲ್ಲಿ ನೀರಿಗೆ ಅದುಮಿರುತ್ತೀರಿ. ಅದುಮಿದರೆ ಹೊರಮೈ ಮಾತ್ರ ಒದ್ದೆಯಾಗಿ ನಡುವೆ ಒಣಗಿಯೇ ಉಳಿಯುತ್ತದೆ. ಅಗಲವಾದ ಪಾತ್ರೆಯ ನೀರ ಮೇಲೆ ತೇಲಲು ಬಿಡಿ, ಅದು ತಾನೇ ಕುಡಿದು ಮುಳುಗಲಿ. ಒಮ್ಮೆ ಚುಚ್ಚಿದ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ತುದಿಯ ಕೆಳಗೆ ಟೊಳ್ಳಾಗುತ್ತದೆ, ತೆಗೆದು ಹೊಸ ಜಾಗದಲ್ಲಿ ಚುಚ್ಚಿ. ಇನ್ನೊಂದು ಮಾತು, ನೀರು ಕುಡಿದ ಸ್ಪಂಜಿನ ಒಂದು ಇಟ್ಟಿಗೆ ಹತ್ತಿರ ಹತ್ತಿರ ಎರಡು ಕಿಲೋ ತೂಗುತ್ತದೆ. ಫಲಕದ ತುಂಬ ಇಪ್ಪತ್ತು ಇಟ್ಟಿಗೆ ಕೂರಿಸಿದರೆ 40 ಕಿಲೋ, ಬರೀ ಬೊಂಬು ತಡೆಯುವುದಿಲ್ಲ.

ಕಾರ್ನೇಷನ್ ಮುದುಡಿದ್ದಕ್ಕೆ ಮಂಟಪದ ಬಾಳೆಗೊನೆಯನ್ನು ಅನುಮಾನಿಸಿ. ಹಣ್ಣಾಗುವ ಬಾಳೆ ಎಥಿಲೀನ್ ಅನಿಲ ಬಿಡುತ್ತದೆ, ಜನರೇಟರ್ ಹೊಗೆಯಲ್ಲೂ ಅದಿದೆ. ಕಾರ್ನೇಷನ್ನಿಗೆ ಅದರ ಸೋಂಕು ಸಾಕು, ದಳ ಒಳಕ್ಕೆ ಸುರುಳಿಯಾಗುತ್ತದೆ. ಗೊನೆ ಕಟ್ಟಲೇಬೇಕಿದ್ದರೆ ಕಾಯಿಗೊನೆ ಕಟ್ಟಿ, ಕಾರ್ನೇಷನ್ನನ್ನು ಅದರಿಂದ ದೂರ ಇಡಿ. ಹೂವಿನ ಬಕೆಟ್ಟುಗಳನ್ನು ಹಣ್ಣಿನ ಬುಟ್ಟಿಗಳ ಜೊತೆ ಒಂದೇ ಕೋಣೆಯಲ್ಲಿ ಇಡುವುದೂ ಇದೇ ತಪ್ಪು.

ನಮ್ಮ ಹೂವಿನ ಪಲ್ಲಕ್ಕಿ ರಾತ್ರಿಯೇ ಏಕೆ ಹೊರಡುತ್ತದೆ? ಕರಗಕ್ಕೂ ಮಲ್ಲಿಗೆಯೇ ಏಕೆ? (ಹೊಸೂರು, ಕೆಲಮಂಗಲ)

ಸಂಪ್ರದಾಯದ ಉತ್ತರವನ್ನು ಆಯಾ ಗುಡಿಯವರು ಹೇಳಬೇಕು. ಹೂವಿನ ಕಡೆಯ ಉತ್ತರ ಇದು: ಮಲ್ಲಿಗೆಯ ಮೊಗ್ಗನ್ನು ಬೆಳಗಿನ ಜಾವ ಬಿಡಿಸುತ್ತಾರೆ, ಅರಳುವುದು ಮುಸ್ಸಂಜೆಗೆ, ಮರುದಿನ ಬಿಸಿಲಿಗೆ ಕೆಂಪು ತಿರುಗುತ್ತದೆ. ಅದರ ಆಯುಸ್ಸು ಒಂದು ರಾತ್ರಿ. ರಾತ್ರಿ ಹೊರಡುವ ಉತ್ಸವಕ್ಕೆ ಇದಕ್ಕಿಂತ ಹೊಂದುವ ಹೂವಿಲ್ಲ. ಬೆಂಗಳೂರಿನ ಧರ್ಮರಾಯ ಗುಡಿಯ ಕರಗ ಚೈತ್ರ ಹುಣ್ಣಿಮೆಯ ನಡುರಾತ್ರಿ ಮಲ್ಲಿಗೆಯಲ್ಲಿ ಮುಚ್ಚಿಕೊಂಡು ಹೊರಡುವುದು, ಅದನ್ನು ನಡೆಸುವ ತಿಗಳರು ತಲೆತಲಾಂತರದಿಂದ ತೋಟಗಾರರು ಎನ್ನುವುದು, ಎರಡನ್ನೂ ಒಟ್ಟಿಗೆ ನೆನೆಯಿರಿ. ಹಲಸೂರಿನ ಸೋಮೇಶ್ವರನ ಪಲ್ಲಕ್ಕಿ ಉತ್ಸವಕ್ಕೆ ಸುತ್ತಲ ಗುಡಿಗಳ ಹೂವಿನ ಪಲ್ಲಕ್ಕಿಗಳು ಸೇರುವುದೂ ರಾತ್ರಿಯೇ.

ಹಗಲಲ್ಲಿ ಮಲ್ಲಿಗೆ ಪಲ್ಲಕ್ಕಿ ಹೊರಡಿಸುವ ಹೊಸ ಚಾಳಿ ಕೆಲವೆಡೆ ಕಾಣುತ್ತಿದೆ. ಹೂವಿಗೆ ಅನ್ಯಾಯ ಎಂದಷ್ಟೇ ಹೇಳುತ್ತೇವೆ. ಹಗಲಿಗೆ ಕನಕಾಂಬರ ಇದೆ, ಎರಡು ದಿನ ಬಾಡದು, ಸೇವಂತಿಗೆ ಇದೆ. ಕಟ್ಟುವಾಗ ಹತ್ತಿಯ ದಾರಕ್ಕಿಂತ ನೆನೆಸಿದ ಬಾಳೆನಾರು ಒಳ್ಳೆಯದು. ದಾರ ಬಿಗಿದರೆ ಎಳೆ ತೊಟ್ಟು ಕತ್ತರಿಸುತ್ತದೆ, ನಾರು ಮೆತ್ತಗೆ ಹಿಡಿದು ಸ್ವಲ್ಪ ತೇವವನ್ನೂ ಕೊಡುತ್ತದೆ.

ಹೂವನ್ನು ಒಬ್ಬರ ಮೇಲೊಬ್ಬರು ಎಸೆದಾಡುವ ಮೆರವಣಿಗೆಯೂ ಇದೆಯಂತೆ. ಹೌದಾ? (ಕಾಸರಗೋಡು)

ಹೌದು. ಫ್ರಾನ್ಸಿನ ನೀಸ್ ಪಟ್ಟಣದಲ್ಲಿ 1876ರಿಂದ ‘ಹೂವಿನ ಯುದ್ಧ’ ನಡೆಯುತ್ತಿದೆ, ಕಡಲ ದಂಡೆಯ ರಸ್ತೆಯಲ್ಲಿ. ಗಾಡಿಯ ಮೇಲಿನವರು ಹಳದಿ ಮಿಮೋಸಾ ಹೂವನ್ನು ಜನರತ್ತ ಎಸೆಯುತ್ತಾರೆ. ಇಂಗ್ಲಿಷ್ ಕಡಲ್ಗಾಲುವೆಯ ಜರ್ಸಿ ದ್ವೀಪದಲ್ಲಿ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆಂದು 1902ರಲ್ಲಿ ಇಂಥದೇ ಶುರುವಾಯಿತು. ಅಲ್ಲಿ ಮೆರವಣಿಗೆ ಮುಗಿದ ಮೇಲೆ ಗಾಡಿಗಳನ್ನೇ ಕಿತ್ತು ಎಸೆದಾಡುತ್ತಿದ್ದರು; 1960ರ ದಶಕದಲ್ಲಿ ಅದು ನಿಂತು ಹೆಸರು ಮಾತ್ರ ಉಳಿಯಿತು. ಓಣಕ್ಕೆ ಗುಂಡ್ಲುಪೇಟೆಯಿಂದ ಬಂದ ಚೆಂಡುಹೂವಿನ ದಳ ಬಿಡಿಸಿ ಪೂಕಳಂ ಹಾಕುವ ನಿಮ್ಮ ಊರಿನವರಿಗೆ ಹೂವು ಎಸೆಯುವುದು ಕಸಿವಿಸಿ ಅನ್ನಿಸಿದರೆ ಸಹಜವೇ.

ಎಂಜಿನ್ ಇಲ್ಲದೆ, ಜನರೇ ಸಾಗಿಸುವ ದೊಡ್ಡ ಹೂವಿನ ಗಾಡಿ ಎಲ್ಲಾದರೂ ಉಂಟಾ? (ತಾಳವಾಡಿ)

ನೆದರ್‌ಲ್ಯಾಂಡ್ಸಿನ ಜುಂಡರ್ಟ್ ಎಂಬ ಊರಲ್ಲಿ, ಚಿತ್ರಕಾರ ವಾನ್ ಗೋ ಹುಟ್ಟಿದ ಊರು ಅದು. 1936ರಿಂದ, ಸೆಪ್ಟೆಂಬರಿನ ಮೊದಲ ಭಾನುವಾರ. ಊರಿನ 20 ಕೇರಿಗಳ ನಡುವೆ ಪೈಪೋಟಿ. ಬಳಸುವುದು ಡೇಲಿಯಾ. ಗಾಡಿ 20 ಮೀಟರ್ ಉದ್ದದವರೆಗೂ ಇರುತ್ತದೆ, ಹೊಟ್ಟೆಯೊಳಗೆ ಸೇರಿಕೊಂಡ ಕೇರಿಯವರೇ ಹೆಗಲು ಕೊಟ್ಟು ತಳ್ಳುತ್ತಾರೆ. ಮೇಲೆ ಡೇಲಿಯಾವನ್ನು ಒಂದೊಂದಾಗಿ ಚುಚ್ಚಿ, ಅಂಟಿಸಿ ಕೂರಿಸುವುದು ಕೊನೆಯ ಮೂರು ದಿನದ ಕೆಲಸ, ಮಕ್ಕಳು ಮುದುಕರೆಲ್ಲ ಸೇರುತ್ತಾರೆ. ಆ ದೇಶದ ಇಂಥ ಮೆರವಣಿಗೆಗಳ ಸಂಸ್ಕೃತಿಯನ್ನು 2021ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ತೇರು ಎಳೆಯುವವರಿಗೆ ಹೊರಗಿನಿಂದ ದಾರಿ ಕಾಣುತ್ತದೆ, ಅವರಿಗೆ ಕಾಣದು. ವ್ಯತ್ಯಾಸ ಅಷ್ಟೇ.

ಮೆರವಣಿಗೆ ಮುಗಿದ ಮೇಲೆ ಅಷ್ಟು ಹೂವನ್ನು ಏನು ಮಾಡುವುದು? ದನಕ್ಕೆ ಹಾಕಬಹುದೇ? (ಅಕ್ಕಲಕೋಟೆ)

ದನಕ್ಕೆ ಬೇಡ. ಪಾಲಿಹೌಸಿನ ಗುಲಾಬಿಗೆ ಹೊಡೆದ ಔಷಧಿ ದಳದಲ್ಲೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದು ಗುಂಡುಸೂಜಿ ಮತ್ತು ಬೈಂಡಿಂಗ್ ವೈರು. ಹಸು ಅಗಿಯದೆ ನುಂಗುತ್ತದೆ, ಸೂಜಿ ಹೊಟ್ಟೆಯ ಎರಡನೇ ಚೀಲದಲ್ಲಿ ಉಳಿದು ಮುಂದಕ್ಕೆ ಚುಚ್ಚಿದರೆ ಸಿಗುವುದು ಗುಂಡಿಗೆ.

ಕೆರೆಗೂ ಬೇಡ. ಹಸಿರು ಸ್ಪಂಜು ಪ್ಲಾಸ್ಟಿಕ್ಕಿನ ಜಾತಿ, ಪುಡಿಯಾಗುತ್ತದೆಯೇ ಹೊರತು ಕೊಳೆಯುವುದಿಲ್ಲ. ಬೇರೆ ಚೀಲಕ್ಕೆ ಹಾಕಿ ಕಸದ ಗಾಡಿಗೆ ಕೊಡಿ. ಉಳಿದ ಹೂವನ್ನು ಗುಂಡಿಯಲ್ಲಿ ಗೇಣುದ್ದ ಹರಡಿ, ಅದರ ಎರಡರಷ್ಟು ಒಣ ತರಗೆಲೆ ಅಥವಾ ತೊಗರಿ ಹೊಟ್ಟು, ಮೇಲೆ ಒಂದು ಬುಟ್ಟಿ ಸಗಣಿ ಬಗ್ಗಡ, ಹೀಗೆ ಪದರ ಪದರವಾಗಿ. ಬರೀ ಹೂವನ್ನೇ ತುಂಬಿದರೆ ಗಾಳಿಯಾಡದೆ ಲೋಳೆಗಟ್ಟಿ ನಾರುತ್ತದೆ. ಚೆಂಡುಹೂವಿನ ದಳವನ್ನು ನೆರಳಲ್ಲಿ ಒಣಗಿಸಿಟ್ಟುಕೊಂಡರೆ ಪಟಿಕದ ನೀರಿನಲ್ಲಿ ನೆನೆಸಿದ ಬಟ್ಟೆಗೆ ಒಳ್ಳೆಯ ಹಳದಿ ಹಿಡಿಯುತ್ತದೆ.

ಸೂಜಿಗಳನ್ನು ಹೊರಡುವ ಮುಂಚೆ ಡಬ್ಬಿ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಬಿಚ್ಚುವಾಗ ಅಷ್ಟೇ ಡಬ್ಬಿ ವಾಪಸ್ಸು ತುಂಬಬೇಕು. ಕೆಳಗೆ ಬಿದ್ದವಕ್ಕೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ನೆಲದ ಮೇಲೆ ಎಳೆದರೆ ಆಯಿತು.